ಹೆಜ್ಜೆ ಗುರುತಿನ ಮೇಲೆ ಸುಣ್ಣ

ಹೋಬಳಿ ಕ್ರೀಡಾಕೂಟದ ಇನ್ನೂರು ಮೀಟರ್ ಓಟ. ತಿರುವಿನಲ್ಲಿ ಲೇನ್ ನೋಡಲು ನಿಂತಿದ್ದ ನಾನು ಕೆಂಪು ಬಾವುಟ ಎತ್ತಿದೆ. ಎರಡನೆಯವಳಾಗಿ ಬಂದ ಹುಡುಗಿ ಸುಣ್ಣದ ಗೆರೆ ತುಳಿದು ಒಳಗಿನ ಲೇನಿನಲ್ಲಿ ನಾಲ್ಕು ಹೆಜ್ಜೆ ಓಡಿದ್ದಳು. ತಾಲ್ಲೂಕು ಮಟ್ಟಕ್ಕೆ ಹೋಗುವುದು ಇಬ್ಬರೇ. ಆ ಜಾಗ ಮೂರನೆಯವಳಾಗಿ ಬಂದ, ಬಾಶೆಟ್ಟಿಹಳ್ಳಿ ಕಾರ್ಖಾನೆ ಕೆಲಸದಾಕೆಯ ಮಗಳಿಗೆ ಸಿಗಬೇಕಿತ್ತು.

"ಬಿಡಿ ಮೇಡಂ, ಇವತ್ತಿನ ಊಟ ಆ ಎರಡನೇ ಹುಡ್ಗಿ ಅಪ್ಪಂದು. ಈ ಮೂರನೇ ಹುಡ್ಗಿ ನೋಡಿ, ಭುಜ ಕುಣಿಸ್ಕೊಂಡು ಕೋಳಿ ಥರ ಓಡ್ತಾಳೆ. ತಾಲ್ಲೂಕಲ್ಲಿ ಏನ್ ಗೆಲ್ತಾಳೆ?" ಎಂದು ನಕ್ಕ ಮುಖ್ಯ ತೀರ್ಪುಗಾರರು ಹೆಜ್ಜೆ ಗುರುತಿನ ಮೇಲೆ ಮತ್ತೆ ಸುಣ್ಣ ಹಾಕಿಸಿದರು. ನಾನು ಬಾವುಟ ಇಳಿಸಲಿಲ್ಲ.

"ಹೆಂಗಾದ್ರೂ ಓಡ್ಲಿ ಸಾರ್, ಅವ್ಳು ಗೆರೆ ದಾಟಿಲ್ಲ!"

ಹೆಬ್ಬೆಟ್ಟೊತ್ತುವ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಸುಳ್ಳಿಗೆ ಸಹಿ ಹಾಕಲು ಓದಿದವಳಲ್ಲ, ಹಾಕಲೂ ಇಲ್ಲ. ನನ್ನ ಸಹಿ ಇಲ್ಲದೆಯೇ ಫಲಿತಾಂಶದ ಹಾಳೆ ತಾಲ್ಲೂಕಿಗೆ ಹೋಯಿತು.