ಒಬ್ಬರ ಹೆಸರಿನ ಓದು

ಆ ಕೋರ್ಸಿನ ಆ್ಯಪ್ ಕಂಡರೆ ಶಿವಬಸಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲ, ನೀವೇ ಹೇಳಿ, ಜಯನಗರದ ನರ್ಸರಿ ಸ್ಕೂಲಿನಲ್ಲಿ ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಅಳೋ ಕೂಸನ್ನ ಸೊಂಟದ ಮೇಲೆ ಹೊತ್ತೇ ತಲೆ ನರೆತ ಆಯಾಗೆ, ಮಕ್ಕಳನ್ನು ಸುಧಾರಿಸುವುದು ಹೇಗೆ ಅಂತ ಫೋನು ಪಾಠ ಹೇಳಬೇಕೆ! ಆದರೂ ಆಸೆ ಬಿಡಬೇಕಲ್ಲ. ಈ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದ ಆಯಾಗಳನ್ನು ಜೂನ್‌ನಿಂದ ಸಹಾಯಕ ಟೀಚರ್ ಮಾಡ್ತೀವಿ ಅಂತ ಪ್ರಿನ್ಸಿಪಾಲ್ ಗಿರಿಜಾದೇವಿ ಅಂದಿದ್ದೇ ತಡ, ಪೊರಕೆ ಮೂಲೆಗಿಟ್ಟು ಮಕ್ಕಳಿಗೆ ಕಥೆ ಹೇಳೋದೊಂದೇ ಇವಳ ಕನಸಾಯಿತು.

ಇನ್ನೊಬ್ಬ ಆಯಾ ಉಮಾಶ್ರೀ, ಕೊಪ್ಪಳದ ಕಡೆಯ ಹುಡುಗಿ, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಳು. ಶಿವಬಸಮ್ಮನ ಫೋನು ವಿಡಿಯೋ ಅಂದರೆ ನಿಂತೇ ಹೋಗುತ್ತಿತ್ತು. ಹಾಗಾಗಿ ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗೆ ಕೂತು ಇಬ್ಬರೂ ಉಮಾಶ್ರೀ ಫೋನಿನಲ್ಲೇ ಓದಿದರು. ದಿನದ ಗುರಿ ಎಷ್ಟು ಹೊತ್ತು ಅಂತ ಆ್ಯಪ್ ಕೇಳಿದಾಗ ಶಿವಬಸಮ್ಮ ಜಂಬದಿಂದ ಒಂದು ಗಂಟೆ ಅಂತ ಒತ್ತಿಬಿಟ್ಟಳು. ಆಮೇಲೆ ಶುರುವಾಯಿತು ನೋಡಿ ಕಾಟ. ಒಂದು ದಿನ ತಪ್ಪಿದರೆ ಕೆಂಪು ಗುರುತು. ವಿಡಿಯೋ ಮುಂದಕ್ಕೆ ಓಡಿಸೋ ಹಾಗಿಲ್ಲ. ಯಾವುದೋ ಮಗು ಅತ್ತಿತು ಅಂತ ಎದ್ದು ಹೋದರೆ, ಇನ್ನೂ ನೋಡ್ತಿದ್ದೀರಾ ಅಂತ ಕೇಳಿ ಪಾಠ ನಿಲ್ಲಿಸಿಬಿಡೋದು. ಮಕ್ಕಳನ್ನ ನೋಡ್ಕೊಳ್ಳೋ ಪಾಠ ಕೇಳೋಕೆ ಮಕ್ಕಳನ್ನೇ ಬಿಟ್ಟು ಕೂರಬೇಕಂತೆ, ಇವರ ಮನೆ ಹಾಳಾಗ! ಪಾಠ ಮುಗಿದು ಪ್ರಶ್ನೆಗಳು ಬಂದವೋ, ಉಮಾಶ್ರೀ ಫೋನನ್ನು ಇವಳ ಕೈಗೇ ತುರುಕುತ್ತಿದ್ದಳು. ಕನ್ನಡದ ಸಾಲುಗಳನ್ನು ಗಟ್ಟಿಯಾಗಿ ಓದಿದವಳು, ನೋಟ್ಸ್ ಬರೆದವಳು, ಉತ್ತರ ಒತ್ತಿದವಳು ಎಲ್ಲ ಶಿವಬಸಮ್ಮನೇ.

ನಂಬರು ಉಮಾಶ್ರೀದು ಅಂತ ಹೆಸರೂ ಅವಳದೇ ಕೊಟ್ಟಿದ್ದರು. ಅದರ ಚಿಂತೆ ಇವಳಿಗೆ ಬರಲೇ ಇಲ್ಲ. ಬನಶಂಕರಿಯಲ್ಲಿ ಇವಳು ಹೋಗೋ ಅಕ್ಕನ ಬಳಗ ಅನ್ನೋ ಹೆಂಗಸರ ಕೂಟದಲ್ಲಿ ಒಬ್ಬಾಕೆ ವಚನ ಓದಿದರೆ ಉಳಿದವರು ಕೇಳುತ್ತಾರೆ. ಪುಸ್ತಕ ಯಾರದು ಅಂತ ಯಾರೂ ಕೇಳೋದಿಲ್ಲ, ಪುಣ್ಯ ಎಲ್ಲರದು. ಇಲ್ಲೂ ಹಾಗೇ, ಕೊನೆಗೆ ಓದಿದವರ ಹೆಸರು ಕೇಳಿಯೇ ಕೇಳ್ತಾರೆ ಅಂದುಕೊಂಡಳು.

ಯಾರೂ ಕೇಳಲಿಲ್ಲ. ಕೊನೆ ಉತ್ತರ ಒತ್ತಿದ ಕೂಡಲೇ ಸರ್ಟಿಫಿಕೇಟ್ ಬಂತು. ಉಮಾಶ್ರೀ, ಅಷ್ಟೇ. ಶಿವಬಸಮ್ಮ ಪರದೆಯನ್ನು ಮೇಲಕ್ಕೆ ಕೆಳಕ್ಕೆ ಸರಿಸಿದಳು, ಫೋನನ್ನೇ ಅಡ್ಡ ಹಿಡಿದು ನೋಡಿದಳು. ಹೊಸದಾಗಿ ತನ್ನ ಹೆಸರು ಸೇರಿಸಿದರೆ ಎಲ್ಲ ಪಾಠಕ್ಕೂ ಬೀಗ, ದಿನಕ್ಕೊಂದೇ ತೆರೆಯುತ್ತದಂತೆ. ಸ್ಕೂಲಿನಲ್ಲಿ ಹೆಸರು ಕೊಡೋಕೆ ಮರುದಿನವೇ ಕಡೇ ದಿನ. ಸಹಾಯವಾಣಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ಹೆಣ್ಣುದನಿ, ನಿಮ್ಮ ಕಲಿಕೆಯ ಗುರಿ ನಮಗೆ ಮುಖ್ಯ ಅಂತ ಮತ್ತೆ ಮತ್ತೆ ಹೇಳಿತು. ನಿನ್ನ ಗುರಿಗಿಷ್ಟು ಬೆಂಕಿ ಹಾಕ ಅಂತ ಫೋನ್ ಇಟ್ಟಳು.

ಗಿರಿಜಾದೇವಿಯವರೂ ಕೈ ಚೆಲ್ಲಿದರು. ನೀನು ಓದಿದ್ದು ನಾನೇ ನೋಡಿದ್ದೀನಿ, ಆದರೆ ಮ್ಯಾನೇಜ್‌ಮೆಂಟಿಗೆ ಏನು ತೋರಿಸಲಿ, ಮುಂದಿನ ವರ್ಷ ನೋಡೋಣ ಅಂದರು. ದುಡಿದೋರು ಯಾರೋ, ಉಂಡೋರು ಯಾರೋ ಅನ್ನೋದು ಇದಕ್ಕೇ.

ಉಮಾಶ್ರೀ ಅತ್ತೇ ಬಿಟ್ಟಳು. "ನಾ ಏನೂ ಓದಿಲ್ಲಂತ ಮೇಡಂ ಹತ್ರ ಹೇಳಿಬಿಡ್ತೀನ್ರಿ ಅಕ್ಕಾ."

"ಹೇಳಿದ್ರೆ ಇಬ್ರೂ ನೆಲ ಒರೆಸ್ಕೊಂಡೇ ಇರ್ತೀವಿ. ಬಾಯ್ಮುಚ್ಕೊಂಡು ಹೋಗು."

ದೊಡ್ಡ ಮನಸ್ಸೇನೂ ಅಲ್ಲ ಅದು. ಹೊಟ್ಟೆ ಉರೀತಿತ್ತು. ಆ ಸಂಜೆ ಇಟ್ಟಮಡುವಿನ ತನ್ನ ಮನೆ ತನಕ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಯೇ ಕೂತಳು.

ಜೂನ್‌ನಲ್ಲಿ ಸ್ಕೂಲು ಶುರುವಾಯಿತು. ಎಲ್‌ಕೆಜಿಯಲ್ಲಿ ಒಂದು ಮಗು ವಾಂತಿ ಮಾಡಿಕೊಂಡಿತು. ಹೊಸ ಸೀರೆ ಉಟ್ಟ ಉಮಾಶ್ರೀ ಬಾಗಿಲಿಗೆ ಬಂದಳು. ಮಕ್ಕಳೆದುರು ಅಕ್ಕ ತಂಗಿ ಅಂತೆಲ್ಲ ಕರೆಯಬಾರದು ಅಂತ ಟೀಚರ್‌ಗಳಿಗೆ ಮೊದಲೇ ಹೇಳಿದ್ದರು. ಅಕ್ಕಾ ಅನ್ನಲು ಬಾಯಿ ತೆರೆದವಳು ಇವಳ ಮುಖ ನೋಡಲಾರದೆ ಬಾಗಿಲ ಚಿಲಕ ನೋಡಿದಳು.

"ಆಯಮ್ಮಾ, ಸ್ವಲ್ಪ ಬನ್ನಿ."

"ಬಂದೆ ಮೇಡಂ" ಅಂತ ಶಿವಬಸಮ್ಮ ಬಕೆಟ್ ಎತ್ತಿಕೊಂಡಳು.