ಎರಡನೇ ಗುಂಡಿಯ ಕೆಂಪು ದಾರ

ಕೋಟಿನ ಗುಂಡಿ ನಿಜವಾದ ಕೊಂಬಿನದೋ ಪ್ಲಾಸ್ಟಿಕ್ಕಿನದೋ ತಿಳಿಯಬೇಕಾದರೆ ಒಂದು ಉಪಾಯವಿದೆ. ಸೂಜಿಯ ತುದಿಯನ್ನು ಕೆಂಪಗೆ ಕಾಯಿಸಿ ಗುಂಡಿಯ ಹಿಂಬದಿಗೆ ಮೆಲ್ಲಗೆ ತಾಗಿಸಬೇಕು. ಪ್ಲಾಸ್ಟಿಕ್ ಆದರೆ ಮೂಗು ಹಿಡಿಯುವ ಘಾಟು. ಕೊಂಬಾದರೆ ಕೂದಲು ಸುಟ್ಟ ವಾಸನೆ. ಯಾರಾದರೂ ನಿಮಗೆ ಹಳೇ ಗುಂಡಿ ಮಾರಲು ಬಂದರೆ ಅವರ ಮಾತು ಕೇಳಬೇಡಿ, ಸೂಜಿಯ ಮಾತು ಕೇಳಿ.

ಕಳೆದ ವಾರ ಕ್ವೀನ್ಸ್‌ಬರಿಯ ನನ್ನ ಅಂಗಡಿಗೆ ಒಬ್ಬರು ಡಬ್ಬಿ ತುಂಬ ಹಳೇ ಗುಂಡಿ ತಂದಿದ್ದರು. ಲೇಸು, ಜಿಪ್ಪು, ಸೀರೆ ಫಾಲು, ದಾರ, ಗುಂಡಿ, ಇವೇ ನನ್ನ ಅಂಗಡಿಯ ಸಾಮಾನು. ಎಲ್ಲ ಕೊಂಬಿನವೇ ಎಂದು ಅವರು ಆಣೆ ಮಾಡುತ್ತಿದ್ದರು. ನಾನು ಸೂಜಿ ಕಾಯಿಸಿ ತಾಗಿಸಿದೆ. ಒಂದೆಳೆ ಹೊಗೆ ಎದ್ದಿತು, ಕೂದಲು ಸುಟ್ಟ ವಾಸನೆ. ಗಲ್ಲಾದ ಹತ್ತಿರ ಕೂತಿದ್ದ ಮಗಳು “ಡ್ಯಾಡ್, ಪ್ಲೀಸ್” ಎಂದು ಮೂಗು ಮುಚ್ಚಿಕೊಂಡಳು. ನಾನು ಸೂಜಿ ಹಿಡಿದವನು ಹಾಗೇ ನಿಂತುಬಿಟ್ಟೆ. ಕ್ರೋಯ್ಡನ್ನಿನ ಒಂದು ಹಿತ್ತಲು, ಒಂದು ಹಿಡಿ ಒಣಹುಲ್ಲು, ಬೆಂಕಿಕಡ್ಡಿ ಗೀರಲು ಬಾರದೆ ಒದ್ದಾಡುತ್ತಿದ್ದ ಒಂದು ಮುದಿ ಕೈ…

ನಾವು ಗಂಡ ಹೆಂಡತಿ ಹುಬ್ಬಳ್ಳಿಯಿಂದ ಈ ಇಂಗ್ಲಿಷರ ನಾಡಿಗೆ ಬಂದ ಹೊಸತರಲ್ಲಿ ಕ್ರೋಯ್ಡನ್ನಿನಲ್ಲಿದ್ದೆವು. ಆ ಊರಿಗೆ ಈಗಿನ ಟ್ರಾಮ್ ಇನ್ನೂ ಬಂದಿರಲಿಲ್ಲ. ಒಬ್ಬ ಇಂಗ್ಲಿಷ್ ವೃದ್ಧೆಯ ಮನೆ. ಕೆಳಗೆ ಅವರು, ಮೇಲಿನ ಎರಡು ಕೋಣೆಯಲ್ಲಿ ನಾವು. ನನ್ನ ಹೆಂಡತಿ ಅವರನ್ನು ‘ಕೆಳಗಿನ ಅಜ್ಜಿ’ ಎನ್ನುತ್ತಿದ್ದಳು, ನನಗೂ ಅದೇ ರೂಢಿಯಾಯಿತು. ನಾನು ಸಂತೆಯಲ್ಲಿ ಮೇಜು ಹಾಕಿಕೊಂಡು ಗುಂಡಿ ದಾರ ಮಾರುತ್ತಿದ್ದೆ. ಅದಕ್ಕೇ ಅವರು ನನ್ನನ್ನು ‘ಮಿಸ್ಟರ್ ಮಾರ್ಕೆಟ್’ ಎಂದು ಕರೆಯುತ್ತಿದ್ದರು. ನಾನು ಯಾರ ಹತ್ತಿರ ಯಾವುದಕ್ಕೆ ಚೌಕಾಶಿ ಮಾಡಿದೆ ಎಂದು ಸಂಜೆ ಚಹಾದ ಹೊತ್ತಿಗೆ ವಿಚಾರಿಸುವುದು ಅವರಿಗೆ ದೊಡ್ಡ ಮೋಜು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ನನ್ನ ಮಾತಿನಲ್ಲೇ ಬರೆಯುತ್ತಿದ್ದೇನೆ.

ಅಡುಗೆಮನೆಯ ಗೋಡೆಯ ಮೇಲೆ ಒಂದು ಫೋಟೊ ಇತ್ತು. ಹಿಮದ ಮುಂದೆ ನಿಂತ ಇಬ್ಬರು ಯುವಕರು, ಇಬ್ಬರದೂ ಒಂದೇ ತರಹದ ಕೋಟು. ಎಡಗಡೆಯವರು ಅಜ್ಜಿಯ ತಂದೆ. ಹಿಮಾಲಯದ ಒಂದು ಎತ್ತರದ ಶಿಖರವನ್ನು ಯಾರೂ ಹತ್ತದಿದ್ದ ಕಾಲದಲ್ಲಿ ಹತ್ತಲು ಹೊರಟ ಇಬ್ಬರು. ಕೊನೆಯ ಡೇರೆಯಿಂದ ಒಂದು ಬೆಳಿಗ್ಗೆ ಮೇಲಕ್ಕೆ ಹೋದರು, ಮೋಡ ಮುಚ್ಚಿತು, ಮುಗಿಯಿತು. ಆಗ ಅಜ್ಜಿ ತೊಟ್ಟಿಲ ಕೂಸು. ಆ ಶಿಖರದ ಹೆಸರನ್ನು ಅವರು ಎಂದೂ ಹೇಳುತ್ತಿರಲಿಲ್ಲ. ಬರೀ ‘ಬೆಟ್ಟ’. ನಾವು ‘ಬಜಾರಿಗೆ ಹೋಗಿದ್ದಾರೆ’ ಅನ್ನುವ ಹಾಗೆ ‘ಅಪ್ಪ ಬೆಟ್ಟದಲ್ಲಿದ್ದಾರೆ’ ಅನ್ನುತ್ತಿದ್ದರು.

ಸಾವಿಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಸಾವಿನ ನಂತರದ ಮಾತು. ಕೆಳಗಿನಿಂದ ದುರ್ಬೀನಿನಲ್ಲಿ ನೋಡಿದ ಒಬ್ಬರು, ಮೋಡ ಸರಿದಾಗ ಒಬ್ಬನೇ ಮನುಷ್ಯ ಚಲಿಸುತ್ತಿದ್ದುದನ್ನು ಕಂಡೆ ಎಂದಿದ್ದರಂತೆ. ಅಷ್ಟು ಸಾಕಾಯಿತು. ಜೊತೆಗಾರ ಬಿದ್ದಾಗ ಇವರ ತಂದೆ ಇಬ್ಬರನ್ನೂ ಕಟ್ಟಿದ್ದ ಹಗ್ಗ ಕಳಚಿಕೊಂಡು, ಅವನನ್ನು ಅಲ್ಲೇ ಬಿಟ್ಟು ಶಿಖರದ ಆಸೆಗೆ ಮುಂದೆ ಹೋದ ಎಂದು ಜನ ಕಥೆ ಕಟ್ಟಿದರು. ಆ ಜೊತೆಗಾರನ ತಂಗಿ ಇನ್ನೂ ಬದುಕಿದ್ದರು, ರೈಲಿನಲ್ಲಿ ಸ್ವಲ್ಪ ದೂರದ ಊರಲ್ಲೇ. ಒಂದು ಕಾರ್ಡು ಇಲ್ಲ, ಒಂದು ಫೋನು ಇಲ್ಲ. ಶಾಲೆಯಲ್ಲಿ ಮಕ್ಕಳು ತನ್ನ ಜೊತೆ ಹಗ್ಗದಾಟಕ್ಕೆ ಬರುತ್ತಿರಲಿಲ್ಲ, ಹಗ್ಗ ಬಿಟ್ಟುಬಿಡುವವನ ಮಗಳು ಎಂದು ಅಣಕಿಸುತ್ತಿದ್ದರು ಎಂದು ಅಜ್ಜಿ ಒಮ್ಮೆ ನಗುತ್ತಲೇ ಹೇಳಿದರು. ನಗು ಮಾತ್ರ ಕಣ್ಣಿನ ತನಕ ಹೋಗಲಿಲ್ಲ.

ಒಂದು ಚಳಿಗಾಲ ಒಬ್ಬ ಪರ್ವತಾರೋಹಿ ಮನೆಗೆ ಬಂದ. ಎತ್ತರದ ಆಳು, ಬಿಸಿಲಿಗೆ ಸುಲಿದ ಮೂಗು. ಆ ಇಬ್ಬರ ಕುರುಹು ಹುಡುಕಲು ಒಂದು ತಂಡ ಕಟ್ಟಿದ್ದ. ಯಾರಾದರೂ ಸಿಕ್ಕರೆ ಬಟ್ಟೆಬರೆ ಮುಟ್ಟಿ ಪರೀಕ್ಷಿಸಲು, ಫೋಟೊ ತೆಗೆಯಲು ಮನೆಯವರ ಒಪ್ಪಿಗೆ ಬೇಕಿತ್ತು. ಗೋಡೆಯ ಮೇಲಿನ ಫೋಟೊದ ಒಂದು ಪ್ರತಿಯೂ ಬೇಕಿತ್ತು. ಹಿಂದಿನ ದಿನವೇ ಅಜ್ಜಿ ನನಗೆ ಹೇಳಿದ್ದರು, “ಮಿಸ್ಟರ್ ಮಾರ್ಕೆಟ್, ನಾಳೆ ನನ್ನ ಕಡೆಯಿಂದ ನೀವು ಕೂತು ಮಾತಾಡಬೇಕು. ನನಗೆ ಚೌಕಾಶಿ ಬರುವುದಿಲ್ಲ.”

ಆಗ ನಾನು ಕೊಟ್ಟ ಬುದ್ಧಿಮಾತನ್ನು ನಿಮಗೂ ಹೇಳುತ್ತೇನೆ, ಎಲ್ಲಾದರೂ ಉಪಯೋಗಕ್ಕೆ ಬಂದೀತು. ನಿಮಗೆ ಏನು ಬೇಕು ಅಂತ ಎದುರಿನವನಿಗೆ ತಿಳಿಯಬಾರದು. ಗಿರಾಕಿಗೆ ಹಸಿರು ಸೀರೆ ಬೇಕು ಅಂತ ಗೊತ್ತಾದರೆ ಅಂಗಡಿಯವನು ನೀಲಿಯನ್ನೂ ಹಸಿರು ಅಂತಲೇ ತೋರಿಸುತ್ತಾನೆ. ಅಜ್ಜಿ ತಲೆಯಾಡಿಸಿದರು. ಆ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಬಂದವನು ಮೇಜಿನ ತುಂಬ ಬೆಟ್ಟದ ಫೋಟೊಗಳನ್ನು ಹರಡಿದ. ನನಗೋ ಹೇಳಲಾಗದ ಕುತೂಹಲ. ಅಷ್ಟು ದೊಡ್ಡ ಬೆಟ್ಟದಲ್ಲಿ ಎಲ್ಲಿ ಅಂತ ಹುಡುಕುತ್ತೀರಿ, ಎಂದೆ. ಹಿಂದೆಂದೋ ಯಾರಿಗೋ ಬೆಟ್ಟದ ಮೇಲಿನ ಚೂಪು ಅಂಚಿನಲ್ಲಿ ಒಂದು ಹಳೇ ಹಿಮಗೊಡಲಿ ಸಿಕ್ಕಿತ್ತಂತೆ. ಅಲ್ಲಿಂದ ಜಾರಿದ ಮನುಷ್ಯ ಇಳಿಜಾರಿನಲ್ಲಿ ಎತ್ತ ಹೋಗಬಹುದು ಎಂದು ಗೆರೆ ಎಳೆದುಕೊಂಡು, ಹಿಮ ತೆಳುವಾದ ವರ್ಷ ನೋಡಿ, ಸಾಲಾಗಿ ನಿಂತು ನಡೆಯುವುದು. ಬಟ್ಟೆ ಕತ್ತರಿಸುವ ಮೇಜಿನಿಂದ ಗುಂಡಿ ಬಿದ್ದರೆ ನಾವೂ ಬಿದ್ದಲ್ಲಿ ಹುಡುಕುವುದಿಲ್ಲ, ನೆಲ ಎತ್ತ ಇಳಿದಿದೆಯೋ ಅತ್ತ ಹುಡುಕುತ್ತೇವೆ ಎಂದೆ. ಅವನು ನಕ್ಕ. ಆದರೆ ಅವನ ಕಣ್ಣು ಇದ್ದದ್ದು ಒಂದೇ ವಸ್ತುವಿನ ಮೇಲೆ. ಆ ಇಬ್ಬರ ಹತ್ತಿರ ಒಂದು ಕ್ಯಾಮೆರಾ ಇತ್ತು. ಅದು ಸಿಕ್ಕರೆ ಅವರು ಶಿಖರ ಮುಟ್ಟಿದ್ದರೋ ಇಲ್ಲವೋ ಎಂದು ಜಗತ್ತಿಗೆ ಗೊತ್ತಾಗುತ್ತದೆ.

ನಾನು ಶುರು ಮಾಡಿದೆ. ಮೊದಲ ಷರತ್ತು, ಏನೇ ಸಿಕ್ಕರೂ ಪತ್ರಿಕೆಗಿಂತ ಮೊದಲು ಅಜ್ಜಿಗೆ ಹೇಳಬೇಕು, ಅದೂ ಈ ಅಡುಗೆಮನೆಗೇ ಬಂದು. ಅವನು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿದ. ನಾನು ಗೋಡೆಯ ಫೋಟೊ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಒಪ್ಪಿದ. ಎರಡನೆಯದು, ದೇಹ ಸಿಕ್ಕರೆ ಕೆಳಗೆ ತರಬೇಕು, ಬೆಂಕಿ ಕೊಡಬೇಕು, ಬೂದಿಯನ್ನಾದರೂ ಮಗಳ ಕೈಗೆ ಮುಟ್ಟಿಸಬೇಕು. ಅಷ್ಟು ಎತ್ತರದಿಂದ ದೇಹ ಇಳಿಸಹೋದರೆ ಇನ್ನೂ ನಾಲ್ಕು ಜನ ಸಾಯುತ್ತಾರೆ ಎಂದ. ನಾನು ಬಿಡಲಿಲ್ಲ. ಕೊನೆಗೆ ಅಜ್ಜಿಯೇ ನನ್ನ ತೋಳು ಮುಟ್ಟಿದರು.

“ಅವರು ಹೋಗಬೇಕೆಂದಿದ್ದ ಜಾಗದಲ್ಲೇ ಇದ್ದಾರೆ. ಇರಲಿ. ಮೇಲೆ ನಾಲ್ಕು ಕಲ್ಲು ಹೊದಿಸಿದರೆ ಸಾಕು.”

ನನಗೆ ಕಸಿವಿಸಿಯಾಯಿತು. ನಮ್ಮವರ ತಲೆಗೆ ಸತ್ತವರು ಅಂದರೆ ಮೊದಲು ಹೊಳೆಯುವುದು ಬೆಂಕಿ. ಎಲ್ಲರಿಗೂ ಹಾಗೇ ಅಂದುಕೊಂಡು ಅರ್ಧ ಗಂಟೆ ವಾದ ಮಾಡಿದ್ದೆ. ಆಮೇಲೆ ಅಜ್ಜಿ ತಮ್ಮದೊಂದು ಷರತ್ತು ಸೇರಿಸಿದರು. ಯಾರು ಸಿಕ್ಕರೂ ಅವರ ಕೋಟಿನ ಎಲ್ಲ ಗುಂಡಿಗಳ ಫೋಟೊವನ್ನೂ, ಮೈ ಮುಟ್ಟುವ ಮೊದಲೇ, ಹತ್ತಿರದಿಂದ, ಒಂದೊಂದಾಗಿ ತೆಗೆಯಬೇಕು. ಅವನು ನನ್ನ ಕಡೆ ನೋಡಿದ. ಗುಂಡಿ ವ್ಯಾಪಾರಿಯ ತರಲೆ ಅಂದುಕೊಂಡಿರಬೇಕು. ನಾನೂ, ಅಜ್ಜಿ ನನ್ನನ್ನು ಖುಷಿಪಡಿಸಲು ಹೇಳಿದರು ಅಂದುಕೊಂಡೆ.

ಅವನು ಹೋದ ಮೇಲೆ ಅಜ್ಜಿ ಕೇಳಿದರು: ದೇಹವೇ ಸಿಗದಿದ್ದರೆ ನಿಮ್ಮವರು ಏನು ಮಾಡುತ್ತೀರಿ? ನಾನು ನಮ್ಮ ಸೋದರತ್ತೆಯ ಗಂಡನ ಕಥೆ ಹೇಳಿದೆ. ಪಂಢರಪುರಕ್ಕೆ ಹೋಗಿ ಬರುತ್ತೇನೆಂದು ಹೊರಟವರು ಬರಲೇ ಇಲ್ಲ. ಹನ್ನೆರಡು ವರ್ಷ ಕಾದರು. ಆಮೇಲೆ ಹಿರಿಯರು ಕೂತು ದರ್ಭೆಯಲ್ಲಿ ಮನುಷ್ಯನ ಹಾಗೆ ಒಂದು ಗೊಂಬೆ ಕಟ್ಟಿ, ಅವರ ಹೆಸರು ಹೇಳಿ, ಬೆಂಕಿ ಕೊಟ್ಟರು. ಅಜ್ಜಿಗೆ ಎಲ್ಲ ವಿವರ ಬೇಕು. ಗೊಂಬೆ ಎಷ್ಟು ಉದ್ದ? ಮುಖ ಬರೆಯುತ್ತಾರಾ? ಆಮೇಲೆ ಅವರೇನಾದರೂ ವಾಪಸು ಬಂದುಬಿಟ್ಟರೆ? ಕೊನೆಗೆ, “ಹನ್ನೆರಡು ವರ್ಷದ ಗಡುವು ನನಗೆ ಎಂದೋ ದಾಟಿತು” ಎಂದರು. ತಡವಾದರೆ ದಂಡವೇನೂ ಇಲ್ಲ ಎಂದೆ. ನಕ್ಕರು.

ಬೇಸಿಗೆ ಶುರುವಾಗುವಾಗ ಅವನು ಬಂದ. ಮಾತಿಗೆ ತಪ್ಪಲಿಲ್ಲ, ಪತ್ರಿಕೆಗಿಂತ ಮೊದಲೇ ಬಂದ. ಆದರೆ ಮುಖ ಸಪ್ಪಗಿತ್ತು. ಅಜ್ಜಿಯ ತಂದೆ ಸಿಕ್ಕಿರಲಿಲ್ಲ, ಕ್ಯಾಮೆರಾವೂ ಇಲ್ಲ. ಸಿಕ್ಕದ್ದು ಜೊತೆಗಾರ, ಗೋಡೆಯ ಫೋಟೊದ ಜೊತೆ ಮುಖ ಹೋಲಿಸಿ ಗುರುತಿಸಿದ್ದರು. ಒಂದು ಬಂಡೆಯ ಮರೆಯಲ್ಲಿ ಒರಗಿ ಕೂತಿದ್ದ, ಒಂದು ಕಾಲು ಮುರಿದಿತ್ತು. ಒಂದು ವಿಷಯ ಮಾತ್ರ ಬಗೆಹರಿಯುತ್ತಿಲ್ಲ ಎಂದ. ಅವನ ಮೈಮೇಲೆ ಎರಡು ಕೋಟು. ತೊಟ್ಟದ್ದು ಒಂದು, ಮೇಲೆ ಹೊದಿಸಿದ್ದು ಇನ್ನೊಂದು. ಎರಡೂ ಒಂದೇ ದರ್ಜಿಯ ಕೆಲಸ. ಜಾಸ್ತಿ ಕೋಟು ಹೊತ್ತೊಯ್ದಿದ್ದನೋ ಏನೋ.

ಅಜ್ಜಿ ಗುಂಡಿಗಳ ಫೋಟೊ ಕೇಳಿದರು. ಅವನು ಒಂದೊಂದಾಗಿ ಇಟ್ಟ. ಕೊಂಬಿನ ಗುಂಡಿಗಳು, ಕಪ್ಪು ದಾರ. ಮತ್ತೆ ಕಪ್ಪು ದಾರ. ಆಮೇಲೆ ಹೊದಿಸಿದ ಕೋಟಿನವು. ಎರಡನೇ ಗುಂಡಿಯ ಹತ್ತಿರ ಅಜ್ಜಿಯ ಬೆರಳು ನಿಂತಿತು. ದಾರ ಮಾಸಿತ್ತು, ಆದರೂ ಕಣ್ಣಿಗೆ ಹೊಡೆಯುವಂತಿತ್ತು. ಕೆಂಪು.

“ಎಲ್ಲರ ಕೋಟೂ ಒಂದೇ ತರಹ ಇತ್ತು. ಗುರುತಿಗೆ ಇರಲಿ ಅಂತ ಅಮ್ಮ ಎರಡನೇ ಗುಂಡಿ ಬಿಚ್ಚಿ ಕೆಂಪು ದಾರದಲ್ಲಿ ಹೊಲಿದಳು. ಇದು ಅಪ್ಪನ ಕೋಟು.”

ನನ್ನ ವ್ಯಾಪಾರಿ ಬುದ್ಧಿ ಆಗಲೂ ಸುಮ್ಮನಿರಲಿಲ್ಲ. ಸತ್ತವನ ಮೈಯಿಂದ ಆ ಜೊತೆಗಾರನೇ ಬಿಚ್ಚಿಕೊಂಡಿರಬಹುದಲ್ಲ ಎಂದು ಒಳಗೊಳಗೇ ಅನ್ನಿಸಿತು, ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಪರ್ವತಾರೋಹಿಯೇ, ಈಗ ತಾನೇ ಅರ್ಥವಾದವನ ಹಾಗೆ, ಮೆಲ್ಲಗೆ ಹೇಳಿದ: ಕೋಟಿನ ಎರಡೂ ತೋಳನ್ನು ಅವನ ಬೆನ್ನ ಹಿಂದೆ ಒತ್ತಿ ಸಿಕ್ಕಿಸಲಾಗಿತ್ತು, ಗಾಳಿಗೆ ಹಾರದ ಹಾಗೆ. ತನಗೆ ತಾನೇ ಹಾಗೆ ಮಾಡಿಕೊಳ್ಳಲು ಆಗುವುದಿಲ್ಲ. ಮಗುವಿಗೆ ಹೊದಿಸಿದ ಹಾಗಿತ್ತು…

ದುರ್ಬೀನಿನಲ್ಲಿ ಕಂಡ ಒಂಟಿ ಮನುಷ್ಯ, ಹಾಗಾದರೆ, ಕೋಟಿಲ್ಲದ ಮನುಷ್ಯ. ಸಹಾಯ ತರಲು ಕೆಳಗೆ ಹೊರಟವನು.

ಅವನು ಹೋದ ಮೇಲೆ ನಾನು ಕೇಳಿದೆ, ನನಗಾದರೂ ಮೊದಲೇ ಹೇಳಬಹುದಿತ್ತಲ್ಲ. ಅಜ್ಜಿ, “ನೀವೇ ಕಲಿಸಿದ್ದು, ಏನು ಬೇಕೆಂದು ಯಾರಿಗೂ ಹೇಳಬಾರದು ಅಂತ” ಎಂದರು. ನನ್ನ ಸರಕನ್ನು ನನಗೇ ಮಾರಿದ್ದರು. ಕೆಂಪು ದಾರದ ಮಾತು ಒಂದು ಸಲ ಹೊರಗೆ ಬಿದ್ದಿದ್ದರೆ, ಎಲ್ಲ ದಾರವೂ ನೋಡುವವರ ಕಣ್ಣಿಗೆ ಕೆಂಪಾಗುತ್ತಿತ್ತು. ಅದು ಅವರಿಗೆ ಗೊತ್ತಿತ್ತು.

ನಾನು ನನ್ನ ಬುದ್ಧಿಗೆ ತಕ್ಕ ಹಾಗೆ ಸಲಹೆ ಕೊಟ್ಟೆ. ಈಗ ನಿಮ್ಮ ಕೈ ಮೇಲಾಗಿದೆ, ಆ ಜೊತೆಗಾರನ ತಂಗಿಯ ಹತ್ತಿರ ಹೋಗಿ, ಫೋಟೊ ಮೇಜಿನ ಮೇಲಿಡಿ, ಕ್ಷಮೆ ಕೇಳುವ ತನಕ ಏಳಬೇಡಿ ಎಂದೆ. ಅಜ್ಜಿ ಫೋನು ಮಾಡಿದರು ಅಷ್ಟೆ. ವಿಷಯ ಹೇಳಿದರು. ಆಮೇಲೆ ಆ ವೃದ್ಧೆ ಕೇಳಿದ್ದು ಒಂದೇ ಮಾತಂತೆ, ಅಣ್ಣ ಬೆಚ್ಚಗಿದ್ದನೇ? ಇದ್ದರು, ಎರಡು ಕೋಟು ಇತ್ತು, ಎಂದರಂತೆ ಇವರು.

ಮಾರನೆಯ ದಿನ ಅಜ್ಜಿ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆದರು.

“ಅವರ ಅಣ್ಣ ಬೆಚ್ಚಗಿದ್ದಾನೆ. ನನ್ನ ಅಪ್ಪನಿಗೆ ಚಳಿ. ಆ ಹುಲ್ಲಿನ ಗೊಂಬೆ ಕಟ್ಟುವುದು ನಿಮಗೆ ಬರುತ್ತದೆಯೇ?”

ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. “ಅಲ್ರೀ, ದರ್ಭೆ ಇಲ್ಲ, ಮಂತ್ರ ಬರೂದಿಲ್ಲ, ಗೋತ್ರ ಗೊತ್ತಿಲ್ಲ. ಅವ್ರು ಕೇಳಿದ್ರು ಅಂತ ನೀವು ಹೂಂ ಅಂದ್ರೇನು?” ಇದ್ದದ್ದರಲ್ಲಿ ಹೊಂದಿಸೋಣ ಎಂದೆ. ಹಾಗೆ ಬೈದವಳೇ ಹಿತ್ತಲಿನ ಒಣಹುಲ್ಲು ಆರಿಸಿ ತಂದು, ಜಡೆ ಹೆಣೆದ ಹಾಗೆ ಕೈಕಾಲು ಹೆಣೆದಳು. ಮಗಳಾದವಳು ಬೆಂಕಿ ಕೊಡಬಹುದೇ ಎಂದು ಅಜ್ಜಿ ಕೇಳಿದರು. ಊರಲ್ಲಾದರೆ ಇದರ ಮೇಲೆ ಹಿರಿಯರು ಒಂದು ಸಂಜೆ ಜಗಳ ಆಡುತ್ತಿದ್ದರು, ಇಲ್ಲಿ ಹಿರಿಯರು ಅಂದರೆ ನೀವೇ ಎಂದೆ.

ಅವರ ಅಮ್ಮನದೊಂದು ಗುಂಡಿಯ ಡಬ್ಬಿ ಇತ್ತು. ಅದರಲ್ಲಿ ಆ ಕೋಟಿನದೇ ಒಂದು ಗುಂಡಿ, ದರ್ಜಿ ಹೆಚ್ಚಿಗೆ ಕೊಟ್ಟದ್ದು, ಉಳಿದಿತ್ತು. ಅಜ್ಜಿ ಅದನ್ನು ಗೊಂಬೆಯ ಎದೆಯ ಮೇಲಿಟ್ಟರು. ಕಡ್ಡಿ ಎರಡು ಸಲ ಆರಿತು. ಆಮೇಲೆ ಹತ್ತಿತು. ಅವರು ತಂದೆಯ ಹೆಸರು ಹೇಳಿದರು, ಪೂರ್ತಿ ಹೆಸರು. ಹುಲ್ಲು ಬೇಗ ಉರಿಯಿತು, ಗುಂಡಿ ಮಾತ್ರ ನಿಧಾನ. ಆಗ ಆ ವಾಸನೆ ಎದ್ದಿತು. ಇದೇನು ವಾಸನೆ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಮ್ಮ ಊರಿನ ಸ್ಮಶಾನದಲ್ಲಿ ಬರುವ ವಾಸನೆ ಎಂದೆ.

ಅಜ್ಜಿ ತಲೆಯಾಡಿಸಿದರು. “ಹಾಗಾದರೆ ಸರಿಯಾಗಿಯೇ ಆಗುತ್ತಿದೆ.” ಬೆಂಕಿಗೆ ಇನ್ನಷ್ಟು ಹತ್ತಿರ ಸರಿದು ಎರಡೂ ಅಂಗೈ ಚಾಚಿದರು, ತಮಗಲ್ಲ ಬೇರೆ ಯಾರಿಗೋ ಕಾಯಿಸಿ ಕೊಡುವವರ ಹಾಗೆ…

ಅಜ್ಜಿ ಹೋಗಿ ಬಹಳ ಕಾಲವಾಯಿತು. ಆ ಮನೆಯ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ; ಹಿತ್ತಲಿದ್ದ ಕಡೆ ಕಾರು ನಿಲ್ಲಿಸುತ್ತಾರೆ. ಬೆಟ್ಟದಲ್ಲಿ ಹಿಮ ತೆಳುವಾಗುತ್ತಿದೆಯಂತೆ. ಆಗೊಮ್ಮೆ ಈಗೊಮ್ಮೆ ಸುದ್ದಿ ಬರುತ್ತದೆ, ಹಳೇ ಬೂಟು ಸಿಕ್ಕಿತು, ಡೇರೆಯ ಗೂಟ ಸಿಕ್ಕಿತು. ಎಲ್ಲರೂ ಕ್ಯಾಮೆರಾ ಸಿಕ್ಕಿತೇ ಎಂದು ಓದುತ್ತಾರೆ. ನಾನು ಫೋನಿನಲ್ಲಿ ಆ ಸುದ್ದಿಯ ಫೋಟೊ ದೊಡ್ಡದು ಮಾಡಿಕೊಂಡು ಕೋಟಿಲ್ಲದ ಒಬ್ಬ ಮನುಷ್ಯನನ್ನು ಹುಡುಕುತ್ತೇನೆ. ಏನು ನೋಡುತ್ತಿದ್ದೀ ಎಂದು ಮಗಳು ಕೇಳಿದರೆ ಹೇಳುವುದಿಲ್ಲ.

ಒಂದಲ್ಲ ಒಂದು ದಿನ ಸಿಗಬಹುದು. ಏನೇ ಸಿಕ್ಕರೂ ಪತ್ರಿಕೆಗಿಂತ ಮೊದಲು ಆ ಅಡುಗೆಮನೆಗೆ ಬಂದು ಹೇಳಬೇಕು ಎಂಬ ಷರತ್ತು ನಾನೇ ಹಾಕಿಸಿದ್ದು. ಷರತ್ತು ಇನ್ನೂ ಹಾಗೇ ಇದೆ. ಅಡುಗೆಮನೆ ಇಲ್ಲ.