ಬೆಳಕು ತೂರುವ ತೇಪೆ

ಬಂಧುಗಳೇ, ಒಂದು ಗಳಿಗೆ ಕಿವಿಗೊಟ್ಟು ಕೇಳಿ. ಇದು ಕ್ಸಾರ್ ಹೆಲ್ಲಾಲ್ ಊರಿನ ಮಬ್ರೂಕಾಳ ಕಥೆ. ಟುನೀಸಿಯದ ಆ ನೇಕಾರರ ಊರಿನಲ್ಲಿ ಮದುವೆಯ ರೇಷ್ಮೆಯನ್ನು ಬೆಳಕಿಗೆ ಹಿಡಿದು ನೋಡುವುದು ವಾಡಿಕೆ. ಎಳೆಗಳ ನಡುವೆ ಬೆಳಕು ತೂರಿತೋ, ನೇಯ್ದವನ ಮಾನ ಹೋಯಿತು. ಮಬ್ರೂಕಾಳ ಗಂಡ ಸಾದೋಕನ ಬಟ್ಟೆಯಲ್ಲಿ ಎಂದೂ ಬೆಳಕು ತೂರಿದ್ದಿಲ್ಲ.

ಮಬ್ರೂಕಾಳದ್ದು ಬೇರೆ ಕಸುಬು. ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಹೊಲಿಯುವ ಬಲೆಯನ್ನು ಹೆಣೆಯುವ ಕಾರ್ಖಾನೆಯಲ್ಲಿ ಅವಳು ದುಡಿಯುತ್ತಿದ್ದಳು. ಬಲೆಯ ತುಂಡನ್ನು ಚೌಕಟ್ಟಿಗೆ ಬಿಗಿದು, ಉಕ್ಕಿನ ಗುಂಡಿನಿಂದ ಒತ್ತಿ, ಎಷ್ಟು ಉಬ್ಬಿತು, ಎಷ್ಟು ಮರಳಿತು ಎಂದು ನೋಡುವುದೇ ಅಲ್ಲಿ ಅವಳ ಕೆಲಸ.

ಹೀಗಿರಲು, ಮಗ್ಗದ ದಿಂಡನ್ನು ಎತ್ತಲು ಹೋಗಿ ಸಾದೋಕನಿಗೆ ಹೊಟ್ಟೆಯ ಪದರ ಸೀಳಿ ಕರುಳು ಹೊರಚಾಚುವ ಹರ್ನಿಯಾ ಆಯಿತು. ಕರುಳು ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ, ಬೇಗ ಬಲೆ ಹಾಕಿಸಿಕೊಳ್ಳಿ ಎಂದರು ವೈದ್ಯರು. ಮಡದಿ ತಂದು ತೋರಿಸಿದ ಬಲೆಯನ್ನು ಸಾದೋಕ್ ಕಿಟಕಿಗೆ ಹಿಡಿದು ನೋಡಿದ. ಅಷ್ಟೇ ಸಾಕಾಯಿತು.

"ಇದೂ ಒಂದು ಬಟ್ಟೆಯೇನೇ? ಜರಡಿ! ಕುಸ್‌ಕುಸ್ ಸಾಣಿಸೋಕೆ ಇಟ್ಕೋ. ನಾನು ನೇಯ್ದ ತುಂಡು ಹಾಕಿ ಹೊಲೀಲಿ, ಒಪ್ತೀನಿ."

"ನಿಮ್ಮ ಬಟ್ಟೆ ಮದುಮಗಳಿಗೆ ಸರಿ ಕಣ್ರೀ, ಹೊಟ್ಟೆಗಲ್ಲ. ಹೊಟ್ಟೆ ಕೆಮ್ಮುತ್ತೆ, ನಗುತ್ತೆ."

"ನಿನ್ನ ಕಟ್ಕೊಂಡ ಮೇಲೆ ನನ್ನ ಹೊಟ್ಟೆ ನಕ್ಕಿದ್ದು ಯಾವಾಗ?"

ಮಬ್ರೂಕಾ ಬಿಸ್ಮಿಲ್ಲಾ ಎಂದು ಅಡುಗೆಮನೆಗೆ ನಡೆದಳು. ಅಂದು ಅಸ್ಬಾನ್ ಮಾಡುವ ದಿನ. ಕುರಿಯ ಹೊಟ್ಟೆಚೀಲಕ್ಕೆ ಅನ್ನ, ಸೊಪ್ಪು, ಮಾಂಸ ತುಂಬಿ ಹೊಲಿದು ಬೇಯಿಸುವ ಹಬ್ಬದಡುಗೆ. ಎರಡು ಚೀಲಗಳಿಗೆ ತೂತು ಮಾಡಿ, ಒಂದಕ್ಕೆ ಗಂಡನ ಬಟ್ಟೆಯ ತೇಪೆ, ಇನ್ನೊಂದಕ್ಕೆ ಬಲೆಯ ತೇಪೆ ಹೊಲಿದು, ಒತ್ತಿ ತುಂಬಿ ಅವನ ಮುಂದಿಟ್ಟಳು.

"ಹಿಸುಕಿ ನೋಡಿ."

ಸಾದೋಕ್ ಮೊದಲು ಬಲೆಯದ್ದನ್ನು ಹಿಸುಕಿದ. ಚೀಲದೊಡನೆ ತೇಪೆಯೂ ಉಬ್ಬಿತು. ಕೈಬಿಟ್ಟೊಡನೆ ತನ್ನ ಜಾಗಕ್ಕೆ ಮರಳಿತು. ಬಳಿಕ ಹೆಮ್ಮೆಯಿಂದ ತನ್ನದನ್ನು ಹಿಸುಕಿದ. ಬಟ್ಟೆ ಒಂದಿನಿತೂ ಬಗ್ಗಲಿಲ್ಲ. ಹೊಲಿಗೆಯೇ ಚೀಲದ ಅಂಚನ್ನು ಸೀಳಿತು. ಅನ್ನ ಅವನ ಗಡ್ಡಕ್ಕೆ ಹಾರಿತು.

"ಬಟ್ಟೆಯಂತೂ ಹರೀಲಿಲ್ಲ, ನೋಡು," ಎಂದ, ಗಡ್ಡ ಒರೆಸಿಕೊಳ್ಳುತ್ತ.

"ಹೌದು, ಬಟ್ಟೆ ಗೆದ್ದಿತು. ಹೊಟ್ಟೆ ಹೋಯ್ತು."

"ಮತ್ತೆ ಆ ತೂತುಗಳು?"

"ಅದರೊಳಗೆ ನಿಮ್ಮ ಮಾಂಸವೇ ಬೆಳೆದು ಹೆಣೆದುಕೊಳ್ಳುತ್ತೆ. ಅರ್ಧ ನೇಯ್ಗೆ ನಮ್ಮದು, ಉಳಿದರ್ಧ ಅಲ್ಲಾಹನದ್ದು."

ಸಾದೋಕ್ ಬಲೆಯನ್ನು ಮತ್ತೊಮ್ಮೆ ಕಿಟಕಿಗೆ ಹಿಡಿದ. "ಅವನು ನೇಯ್ದ ಮೇಲೆ ಬೆಳಕು ತೂರಲ್ಲ ಬಿಡು. ಆಸ್ಪತ್ರೆಗೆ ಹೇಳಿಬಿಡು."

ಚಿಕಿತ್ಸೆ ಸುಸೂತ್ರವಾಯಿತು. ಈಗ ಅವನು ಮಗ್ಗದಲ್ಲಿ ಕುಳಿತು, ಗಡ್ಡಕ್ಕೆ ಹಾರಿದ ಅನ್ನದ ಕಥೆ ಹೇಳಿ ಹೊಟ್ಟೆ ಕುಲುಕಿ ನಗುತ್ತಾನೆ. ತೇಪೆಯೂ ಅವನೊಡನೆ ನಗುತ್ತದೆ.

ಬಂಧುಗಳೇ, ಮನೆಯ ಮೇಲೆ ಭಾರ ಬಿದ್ದಾಗ ನೀವೂ ಆ ಬಲೆಯಂತಿರಿ. ತುಸು ಬಾಗಿ, ಮತ್ತೆ ನಿಮ್ಮ ಜಾಗಕ್ಕೆ ಮರಳಿ. ನಿಮ್ಮ ಬಿಗುವಿಗೆ ನಿಮ್ಮವರ ಅಂಚು ಹರಿಯದಂತೆ ನೋಡಿಕೊಳ್ಳಿ.